ಕೇಪಿಲ್ಲದ ಬಂದೂಕು

ಕೊಕ್ಕನೂರಿನಲ್ಲಿ ಬಂದೂಕಿದ್ದ ಮನೆಯವರಿಗೆಲ್ಲ ಮೈಲಮ್ಮ ಒಂದು ತಲೆನೋವು. ಕರೆಯದಿದ್ದರೂ ಬಂದು, ನಳಿಗೆಯೊಳಗೆ ಸರಳು ಇಳಿಸಿ ತೋರಿಸಿ ಅನ್ನುತ್ತಿದ್ದಳು. ಸರಳು ತಳ ಮುಟ್ಟದಿದ್ದರೆ ಒಳಗೆ ಮದ್ದಿದೆ ಎಂದರ್ಥ. ಅದನ್ನು ತೆಗೆಸುವವರೆಗೂ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು’ ಎಂದು ಜನ ಬೆನ್ನ ಹಿಂದೆ ಆಡಿಕೊಂಡರು. ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಆಡುವವರಿಗೇನು, ಹೋದದ್ದು ಅವಳ ಮಗ.

ಅದು ಎಪ್ಪತ್ತೆಂಟರ ದೀಪಾವಳಿ. ಅವಳ ಗಂಡ ಉಚ್ಚೆಂಗಪ್ಪ ಹಂದಿ ಕಾಟಕ್ಕೆಂದು ನಾಡ ಬಂದೂಕಿಗೆ ಮದ್ದು ಗುಂಡು ತುಂಬಿಯೇ ಇಡುತ್ತಿದ್ದ. ಹಂದಿ ಬಂದಾಗ ತುಂಬುತ್ತಾ ಕೂತರೆ ಜೋಳ ಉಳಿಯುವುದಿಲ್ಲ. ಕಿಡಿ ಹೊತ್ತಿಸುವ ಕೇಪನ್ನು ಮಾತ್ರ ತೆಗೆದು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ. ಕೇಪಿಲ್ಲದ ಬಂದೂಕು ಬರೀ ಕೋಲು ಎಂದು ಊರೇ ನಂಬಿತ್ತು. ಹಬ್ಬದಲ್ಲಿ ಮಕ್ಕಳ ಕೈಯಲ್ಲೂ ಆಟದ ಪಿಸ್ತೂಲಿನ ಕೇಪು ಇರುತ್ತದೆ ಎಂಬುದು ಒಬ್ಬ ಗಂಡಸಿನ ತಲೆಗೂ ಹೊಳೆಯಲಿಲ್ಲ. ಒಂಬತ್ತು ವರ್ಷದ ಮಗಳು ಪುಟ್ಟಕ್ಕ ತನ್ನ ಕೆಂಪು ಕೇಪನ್ನು ಅಪ್ಪನ ಬಂದೂಕಿಗೆ ಇಟ್ಟು ಕುದುರೆ ಎಳೆದಳು. ಎದುರಿಗೆ ತಮ್ಮ ಜಂಬಯ್ಯ ನಗುತ್ತಾ ನಿಂತಿದ್ದ. ಅವನಿಗೆ ಐದು ವರ್ಷ.

ಹುಡುಗಿ ಅಳಲಿಲ್ಲ, ಮಾತನ್ನೇ ಬಿಟ್ಟಳು. ಬಾಗಿಲು ಬಡಿದ ಸದ್ದಿಗೂ ಜೋಳದ ಚೀಲಗಳ ಹಿಂದೆ ಅಡಗುತ್ತಿದ್ದಳು. ಉಚ್ಚೆಂಗಪ್ಪನೋ, ಬಂದವರಿಗೆಲ್ಲ ತಾನು ಮನೆಯಲ್ಲಿರಲಿಲ್ಲ, ಹುಡುಗಿಯೇ ಮುಟ್ಟಿದ್ದು ಎಂದು ಹೇಳುತ್ತಿದ್ದ. ಅದೆಲ್ಲ ಅವಳ ಕಿವಿಗೆ ಬೀಳುತ್ತಿತ್ತು.

ಅಂಜಿದ ಮಕ್ಕಳಿಗೆ ಮಂತ್ರಿಸಿ ಊದಿಸಲು ನಮ್ಮ ಕಡೆ ಎಲ್ಲ ಜಾತಿಯವರೂ ಮಸೀದಿ ಬಾಗಿಲಿಗೆ ಹೋಗುತ್ತಾರೆ. ಮೈಲಮ್ಮ ಮಗಳನ್ನು ಮೂರು ಶುಕ್ರವಾರ ಹರಿಹರಕ್ಕೆ, ನಮಾಜು ಮುಗಿಸಿ ಬರುತ್ತಿದ್ದ, ಪಾತ್ರೆಗೆ ಕಲಾಯಿ ಹಾಕುವ ನಬೀ ಸಾಬರ ಬಳಿ ಕರೆದೊಯ್ದಳು. ಮೂರನೆಯ ಸಲ ಅವರು ಊದಿ, ಮಗುವಿನ ತಲೆ ಸವರಿ, ಅವಳನ್ನು ಆಚೆ ಕೂರಿಸಿ ತಾಯಿಗೆ ಹೇಳಿದರು.

“ಅಂಜಿಕೆಗೆ ಊದ್ತೀನಿ ತಾಯಿ. ತಪ್ಪು ನಂದೇ ಅಂತ ಒಳಗೆ ಕುಂತೈತಲ್ಲ, ಅದು ನನ್ನ ಉಸಿರಿಗೆ ಹೋಗಲ್ಲ. ಬಂದೂಕು ತುಂಬಿಟ್ಟೋರು ಬಾಯಿ ಬಿಡ್ಬೇಕು.”

ಮಗಳ ಮುಂದೆ ನಿಜ ಹೇಳುವವರೆಗೆ ಈ ಮನೆಯಲ್ಲಿ ರೊಟ್ಟಿ ಬಡಿಯುವುದಿಲ್ಲ ಎಂದು ಮೈಲಮ್ಮ ಗಂಡನಿಗೆ ಹೇಳಿಬಿಟ್ಟಳು. ಅವನು ಬೈದ, ಹೊಲಕ್ಕೆ ಹೋಗಿ ಕೂತ. ಎರಡನೆಯ ದಿನ ಮಧ್ಯಾಹ್ನ ಬಂದು ಮಗಳ ಎದುರು ಕುಕ್ಕರಗಾಲಲ್ಲಿ ಕೂತ. ಪಕ್ಕದ ಮನೆಯ ನಾನು ಹುಡುಗಿಗೆ ರೊಟ್ಟಿ ತಂದವಳು ಬಾಗಿಲಲ್ಲೇ ನಿಂತೆ.

“ಗುಂಡು ತುಂಬಿಟ್ಟೋನು ನಾನವ್ವ,” ಅಂದ. “ನಿನ್ನ ತಮ್ಮನ್ನ ಕೊಂದೋನು ನಾನು. ನಿಂದೇನೂ ತಪ್ಪಿಲ್ಲ.”

ಪುಟ್ಟಕ್ಕ ತಲೆ ಎತ್ತಿ ಅಪ್ಪನ ಮುಖ ನೋಡಿದಳು. ಎರಡು ತಿಂಗಳ ಮೇಲೆ ಮೊದಲ ಸಲ ಅವಳ ದನಿ ಕೇಳಿದೆವು.

“ನಂಗೂ ಬಂದೂಕು ಕೊಡಕ್ಕ ಅಂದಿದ್ದ. ನಾ ಕೊಡ್ಲಿಲ್ಲಪ್ಪ.”

ಆಮೇಲೆ ಅತ್ತಳು. ಮೈಲಮ್ಮ ಅವಳನ್ನು ಮಡಿಲಿಗೆ ಎಳೆದುಕೊಂಡಳು, ಅಳಬೇಡ ಎನ್ನಲಿಲ್ಲ.