ಕೈಗೆ ಕೊಡದ ಚಾಕು

ಹೋದ ವರ್ಷ ಗುಡ್ಡದಲ್ಲಿ ದಾರಿ ತಪ್ಪಿಸಿದ್ದು ಯಾರು ಅನ್ನುವ ಜಗಳದಿಂದ ನನ್ನ ಮತ್ತು ಗೆಳೆಯ ಶರಣುವಿನ ನಡುವೆ ಮಾತು ನಿಂತಿತ್ತು. ಅವನು ರವಿವಾರ ಬಂತೆಂದರೆ ಸುರಪುರದ ಗುಡ್ಡ ಹತ್ತುವವ. ಕೆಲಸದ ಮೇಲೆ ಶಹಾಪುರಕ್ಕೆ ಹೋದಾಗ ಅವನಿಗೆಂದು ಜೇಬಿನಲ್ಲಿ ಹಿಡಿಯುವ ಮಲ್ಟಿಟೂಲ್ ನೋಡಲು ಹಾರ್ಡ್‌ವೇರ್ ಅಂಗಡಿ ಹೊಕ್ಕೆ.

ಅಂಗಡಿಯ ಚಾಚಾ ಎರಡು ತೆಗೆದರು. ಒಂದರಲ್ಲಿ ಕತ್ತರಿ, ಅರ, ಬಾಟಲಿ ತೆಗೆಯುವ ಕೊಕ್ಕೆ, ಏನು ಬೇಕೋ ಎಲ್ಲ ಇತ್ತು.

"ಅದು ಬ್ಯಾಡ್ರಿ. ಎಲ್ಲಾ ಅದಾವ, ಒಂದೂ ನೆಟ್ಟಗ ಕೆಲಸ ಮಾಡಂಗಿಲ್ಲ" ಎಂದು, ಚಾಕು, ಇಕ್ಕಳ, ಸ್ಕ್ರೂಡ್ರೈವರ್ ಅಷ್ಟೇ ಇದ್ದದ್ದನ್ನು ಬಿಚ್ಚಿದರು. ನಾನು ಕೈ ಚಾಚಿದೆ. ಅವರು ಕೈಗೆ ಕೊಡದೆ ಗಾಜಿನ ಮೇಲಿಟ್ಟರು.

"ಚಾಕು ಕೈಯಾಗ ಕೊಡಬಾರದ್ರಿ, ಜಗಳ ಆಗ್ತಾವ."

"ಇದನ್ನ ಕೊಡೋದು ಜಗಳಾಡಿದವಗೇ ಚಾಚಾ."

ಚಾಚಾ ಸ್ವಲ್ಪ ಯೋಚಿಸಿದರು. "ಹಂಗಾದ್ರ ಕೈಯಾಗೇ ಕೊಡ್ರಿ. ಇನ್ನೇನು ಆಗೋದದ?"

ರವಿವಾರ ಗುಡ್ಡದ ಬುಡದಲ್ಲಿ ಶರಣು ಬೂಟಿನ ಲೇಸು ಕಟ್ಟುತ್ತ ಕೂತಿದ್ದ. ನನ್ನನ್ನು ನೋಡಿ ಮುಖ ತಿರುಗಿಸಿದ. ಚಾಚಾ ಹೇಳಿದಂತೆ, ಚಾಕು ಬಿಚ್ಚಿದ ಮಲ್ಟಿಟೂಲನ್ನು ಹಾಗೇ ಮುಂದೆ ಹಿಡಿದೆ. ಅವನು ಥಟ್ಟನೆ ಕೈ ಹಿಂದೆಳೆದುಕೊಂಡ.

"ಲೇ, ಕಲ್ಲಿನ ಮ್ಯಾಲ ಇಡಲೇ! ಸುಮ್ನ ನಮ್ಮಿಬ್ಬರ ನಡುವ ಜಗಳ ಹಚ್ಚತಿ."

ಕಲ್ಲಿನ ಮೇಲಿಟ್ಟೆ. ಅವನು ಎತ್ತಿಕೊಂಡು, ಬೆರಳಿನಿಂದ ಅಲಗು ಸವರಿ ನೋಡಿ, ಮಡಚಿ ಜೇಬಿಗೆ ಹಾಕಿ ಗುಡ್ಡ ಹತ್ತತೊಡಗಿದ. ಹಳೆಯ ಜಗಳ ಏನಾಯಿತು ಎಂದು ನಾನೂ ಕೇಳಲಿಲ್ಲ. ದಾರಿ ಮಾತ್ರ ಈ ಸಲ ಅವನೇ ತೋರಿಸಲಿ ಎಂದು ಹಿಂದೆ ನಡೆದೆ.