ಸೊಸೆಯ ನಡಿಗೆ ಹಿಡಿಯಲು ಬಂದವನು

ಆಗ ನನಗೆ ಐವತ್ತೈದು. ಅದಾಗಿ ಹದಿನೆಂಟು ವರ್ಷವಾಯಿತು. ಟಿವಿಯ ಕಾರ್ಟೂನ್ ಗೊಂಬೆಗೆ ನಮ್ಮ ಹೆಂಗಸರ ನಡಿಗೆ ಬೇಕೆಂದು ಬೆಳಗಾವಿಯಿಂದ ಒಬ್ಬ ನಮ್ಮೂರು ಕಲ್ಲೋಳಿಗೆ ಬಂದಿದ್ದ. ನನ್ನ ಬಸುರಿ ಸೊಸೆಯ ಮೈತುಂಬ ನಡಿಗೆ ಅಳೆಯುವ ವಾಯರಿನ ಪಟ್ಟಿ ಬಿಗಿದು, ತಾಮ್ರದ ಕೊಡ ಹೊರಿಸಿ ನಡೆಸಿದ. “ಗಾಬರಿ ಆಗಬ್ಯಾಡ್ರಿ” ಎನ್ನುತ್ತಲೇ ಇದ್ದ. ಪಟ್ಟಿಯನ್ನು ಮಾತ್ರ ಎರಡೆರಡು ಸಲ ಬಿಚ್ಚಿ ಬಿಗಿದ.

ಅವನ ಕಂಪ್ಯೂಟರ್ ಪರದೆಯಲ್ಲಿ, ಅವಳಂತೆಯೇ ನಡೆಯಬೇಕಿದ್ದ ಗೊಂಬೆಯ ನಡು ಹಿಂದಕ್ಕೆ ತಿರುಚಿಕೊಂಡಿತು.

“ಮೈಮ್ಯಾಲ ಕಬ್ಬಿಣ ಐತೇನ್ರಿ? ಇದ್ರ ಮಷಿನ್ ತಪ್ಪ ತೋರಸತೈತಿ. ಇವತ್ತ ಆಗಲಿಲ್ಲಂದ್ರ ನನ್ನ ನೌಕರಿ ಹೋಗತೈತ್ರಿ.”

ಕೆಟ್ಟ ದೃಷ್ಟಿ ತಾಗದಿರಲೆಂದು ಅವಳ ಸೊಂಟಕ್ಕೆ ಕಬ್ಬಿಣದ ಮೊಳೆ ಕಟ್ಟಿದವಳು ನಾನೇ. ಬಿಚ್ಚಿದೆ.

“ಕೂಸಿಗೆ ಏನರ ಆದ್ರ ನಿನ್ನ ಮನಿ ಹುಡಕ್ಕೊಂಡ ಬರತೇನಿ.”

“ಗಾಬರಿ ಆಗಬ್ಯಾಡ್ರಿ, ಆಯಿ” ಎಂದು ಹಣೆಯ ಬೆವರು ಒರೆಸಿಕೊಂಡ. ಗೊಂಬೆ ನೆಟ್ಟಗೆ ನಡೆಯಿತು. 

ಮರುದಿನ ಬೆಳಿಗ್ಗೆ, ಮೂಡಲಗಿಯ ಡಾಕ್ಟರಮ್ಮ ದವಾಖಾನೆಯ ಬಾಗಿಲು ತೆರೆಯುವ ಮೊದಲೇ, ಕೂಸು ಹೇಗಿದೆ ಎಂದು ತೋರಿಸಲು ಸೊಸೆಯನ್ನು ಕರೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂತಿದ್ದೆ.