ಎಮ್ಮೆಗೂ ನೀವು

ಪಕ್ಕದ ಮನೆಯ ಕೆರಿಯಮ್ಮನಿಗೆ ಅರವತ್ತು ದಾಟಿದೆ, ಹಟಕ್ಕೆ ಮಾತ್ರ ಇನ್ನೂ ಹರೆಯ. ಹೊಸನಗರದ ಹತ್ತಿರದ ನಮ್ಮೂರ ಹಾಲಿನ ಸಂಘಕ್ಕೆ ಹೋದ ವರ್ಷ ಅಧ್ಯಕ್ಷೆಯಾದರು. ಕುರ್ಚಿ ಸಿಕ್ಕಿತು, ಮರ್ಯಾದೆ ಸಿಗಲಿಲ್ಲ. ನಿರ್ದೇಶಕ ಹೂವಯ್ಯ ತುಂಬಿದ ಸಭೆಯಲ್ಲೂ, "ಏ ಕೆರಿಯಮ್ಮ, ನೀ ಸುಮ್ನೆ ಕೂತ್ಕ" ಎನ್ನುತ್ತಿದ್ದರು. ಅವರ ಅಪ್ಪನ ಗದ್ದೆಯನ್ನು ಹಿಂದೆ ಕೆರಿಯಮ್ಮನ ಮಾವ ಗೇಣಿಗೆ ಮಾಡುತ್ತಿದ್ದರಂತೆ. ಉಳುವವನೇ ಒಡೆಯನೆಂಬ ಕಾನೂನು ಬಂದು ಗದ್ದೆ ಎಂದೋ ಕೆರಿಯಮ್ಮನ ಮನೆಯವರದೇ ಆಗಿತ್ತು, ಹೂವಯ್ಯನವರ ನಾಲಿಗೆಗೆ ಆ ಸುದ್ದಿ ತಲುಪಿರಲಿಲ್ಲ.

"ಒಂದ್ಸಲ 'ನೀವು' ಅನ್ಲಿ ಮೇಡಂ, ಸಾಕು. ಆ 'ನೀ' ಕೇಳಿದ್ರೆ ಮೈಯೆಲ್ಲ ಉರೀತದೆ" ಎಂದು ಕೆರಿಯಮ್ಮ ನನ್ನ ಹತ್ತಿರ ಗೋಳಾಡುತ್ತಿದ್ದರು.

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು. ಸಮಾಧಾನ ಮಾಡು ಅಂದರೆ ಪಾಠ ಶುರುಮಾಡುತ್ತೇನೆ, ಏನು ಮಾಡಲಿ! ಇಂಗ್ಲಿಷಿನವರಲ್ಲೂ ಹಿಂದೆ ನಮ್ಮ ನೀನು, ನೀವು ಹಾಗೆ ಎರಡಿತ್ತು ಎಂದೆ. ಆಳಿಗೆ, ಮಕ್ಕಳಿಗೆ 'ದೌ'. 'ಯೂ' ಮೊದಲು ಹಲವರಿಗೆ ಅನ್ನುವ ಮಾತು, ಆಮೇಲೆ ದೊಡ್ಡವರೊಬ್ಬರಿಗೂ ಮರ್ಯಾದೆಗೆ ಬಂತು. ಯಾರಿಗೆ ಏನಂದರೆ ಸಿಟ್ಟೋ ಎಂದು ಹೆದರಿ ಜನ ಎಲ್ಲರಿಗೂ 'ಯೂ' ಅನ್ನತೊಡಗಿದರು. 'ದೌ' ಮೂಲೆ ಸೇರಿತು.

"ಅಯ್ಯೋ ಶಿವನೇ! ಹಂಗಾರೆ ಸಣ್ಣೋರನ್ನೇ ಮೇಲೆ ಹತ್ತಿಸಿದ್ರಾ? ನಾನೂ ಹಂಗೇ ಮಾಡ್ತೀನಿ."

ಮರುದಿನದಿಂದ ಶುರುವಾಯಿತು ನೋಡಿ. ಮೊಮ್ಮಗಳು ಸಿಂಚನಾಗೆ ನೀವು, ಮೀನಿನವನಿಗೆ ನೀವು. ಕೊಟ್ಟಿಗೆಯಲ್ಲಿ ಎಮ್ಮೆಗೆ, "ಸ್ವಲ್ಪ ಕಾಲು ಆಚೆ ಇಡಿ, ನೀವು ಹಿಂಗೆಲ್ಲ ಒದೀಬಾರ್ದು!" ಗಂಡ ಭೂತಪ್ಪ ಬೇಲಿಯಾಚೆಯಿಂದ ನನ್ನನ್ನೇ ದುರುಗುಟ್ಟಿ ನೋಡಿದರು.

ಸುದ್ದಿ ಊರೆಲ್ಲ ಆಯಿತು. ಮುಂದಿನ ಸಭೆಗೆ ಹೂವಯ್ಯ ಕುದಿಯುತ್ತಲೇ ಬಂದರು. ನಾನೂ ಸಂಘಕ್ಕೆ ಹಾಲು ಹಾಕುವವಳು, ಹಿಂದಿನ ಸಾಲಿನಲ್ಲಿದ್ದೆ.

"ನಂಗೂ ನೀವು, ಎಮ್ಮೆಗೂ ನೀವು! ನನ್ನ ಮರ್ಯಾದೆ ಎಂತ ಉಳೀತು ಕೆರಿಯಮ್ಮ?"

"ಎಮ್ಮೆಗೆ ಕಮ್ಮಿ ಮಾಡ್ಲಿಕ್ಕೆ ನಂಗೆ ಮನಸ್ಸಿಲ್ಲ" ಎಂದರು ಕೆರಿಯಮ್ಮ, ತಣ್ಣಗೆ. "ಬೇಕಾದ್ರೆ ನಿಮಗೇ ಬೇರೆ ಅಂತೀನಿ. ಹೂವಯ್ಯ, ನೀ ಎಂತಕ್ಕೆ ಕೂಗ್ತೀಯಾ?"

ಹೂವಯ್ಯ ಕೆಂಪಗಾಗಿ ಮೇಜು ಗುದ್ದಿದರು.

"ನೀವು... ನೀವು ನಂಗೆ ಹಂಗೆಲ್ಲ ಅನ್ನೋ ಹಾಗಿಲ್ಲ!"

ಕೆರಿಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಗುತ್ತಿದ್ದಾರೆ ಅಂದುಕೊಂಡು ಹತ್ತಿರ ಹೋದೆ, ಅಳುತ್ತಿದ್ದರು.

"ಬೈಲಿ ಬಿಡಿ ಮೇಡಂ. ನಮ್ಮನೇಲಿ ಇಷ್ಟು ಮರ್ಯಾದೆಯಿಂದ ಯಾರೂ ಬೈಸ್ಕೊಂಡಿರ್ಲಿಲ್ಲ."